ಕೆರೆಯೊಡೆಯುವ ಅಪಾಯವನ್ನು ಮೊದಲೇ ಗುರುತಿಸುವ ಬಗೆ

ದಕ್ಷಿಣ ಕರ್ನಾಟಕದ ಬಯಲುಸೀಮೆಯಲ್ಲಿ ಕೆರೆಯಿಲ್ಲದ ಗ್ರಾಮವು ಅಪರೂಪ. ಗ್ರಾಮಕ್ಕೆ ಅನ್ನವಿಕ್ಕುವ ಆ ಕೆರೆಯೇ ಏರಿಯೊಡೆದರೆ, ಒಂದು ರಾತ್ರಿಯೊಳಗಾಗಿ ಅಚ್ಚುಕಟ್ಟಿನ ಮೇಲ್ಮಣ್ಣನ್ನು ಕೊಚ್ಚಿ, ಗದ್ದೆಗಳ ಮೇಲೆ ಮರಳನ್ನು ಹರಡಿ, ತಗ್ಗಿನ ಮನೆಗಳನ್ನೂ ಕೊಟ್ಟಿಗೆಯ ದನಗಳನ್ನೂ ಸೆಳೆದುಕೊಂಡು ಹೋಗುವುದು. ಇಂತಹ ಅನಾಹುತವಾದಾಗ ದೋಷವನ್ನೆಲ್ಲ ಮಳೆಯ ಮೇಲೆ ಹೊರಿಸುವುದು ವಾಡಿಕೆ. ಮಳೆಯು ದೈವಾಯತ್ತವೆಂಬುದು ನಿಜ. ಆದರೆ ಒಡೆದ ಏರಿಯನ್ನು ಪರೀಕ್ಷಿಸಿದಲ್ಲಿ ಮನುಷ್ಯನ ಕೈಯ ಗುರುತುಗಳೂ ಅನೇಕವಾಗಿ ಕಾಣಬರುವುವು.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುವುದು. ೫ ಚದರ ಕಿಲೋಮೀಟರು ಜಲಾನಯನವುಳ್ಳ ಕೆರೆಯೊಂದು ಮೊದಲೇ ತುಂಬಿರುವಾಗ ೧೦೦ ಮಿಲಿಮೀಟರು ಮಳೆ ಬಿದ್ದು, ಅದರಲ್ಲಿ ಅರ್ಧವು ಹರಿದುಬಂದಿತೆಂದು ಇಟ್ಟುಕೊಳ್ಳೋಣ. ಬಂದ ನೀರು ೨೫ ಕೋಟಿ ಲೀಟರು. ಅದು ೬ ಗಂಟೆಗಳಲ್ಲಿ ಬಂದರೆ ಸೆಕೆಂಡಿಗೆ ಸರಾಸರಿ ೧೧,೫೦೦ ಲೀಟರಿಗೆ ಕಡಿಮೆಯಿಲ್ಲ. ೫೦ ಅಡಿ ಉದ್ದದ ಕೋಡಿಯ ಮೇಲೆ ಸುಮಾರು ೨ ಅಡಿ ನೀರು ಹರಿದರೆ ಇಷ್ಟು ನೀರು ಹೊರಬೀಳುವುದು. ಏರಿಯು ಕೋಡಿಗಿಂತ ೪ ಅಡಿ ಎತ್ತರವಿದ್ದರೆ ಭಯಕ್ಕೆ ಕಾರಣವಿಲ್ಲ. ಈಗ, ಕೋಡಿಯ ಮೂರರಲ್ಲೊಂದು ಭಾಗವು ಪೊದೆಗಳಿಂದಲೋ, ಮೀನು ಹೋಗದಂತೆ ಕಟ್ಟಿದ ಬಲೆಗೆ ಸಿಕ್ಕ ಕಸದಿಂದಲೋ ಮುಚ್ಚಿಹೋಗಲಿ; ನೀರು ಇನ್ನೂ ಅರ್ಧ ಅಡಿ ಏರುವುದು. ಹೆಚ್ಚು ನೀರು ನಿಲ್ಲಲೆಂದು ಕೋಡಿಯ ಮೇಲೆ ೧ ಅಡಿ ಎತ್ತರಕ್ಕೆ ಮಣ್ಣಿನ ಮೂಟೆಗಳನ್ನು ಪೇರಿಸಿದ್ದರೆ ಒಟ್ಟು ೩½ ಅಡಿಯಾಯಿತು. ಗಾಡಿ, ಟ್ರಾಕ್ಟರುಗಳು ಓಡಾಡಿ ಏರಿಯ ನೆತ್ತಿಯು ಒಂದು ಕಡೆ ಅರ್ಧ ಅಡಿ ತಗ್ಗಾಗಿದ್ದರೆ ನೀರು ಆ ತಗ್ಗಿನಲ್ಲಿಯೇ ಹೊರಳುವುದು. ಮಣ್ಣಿನ ಏರಿಯು ತನ್ನ ಮೇಲೆ ಹರಿಯುವ ನೀರನ್ನು ತಾಳಲಾರದು. ಮಳೆಯು ಅದೇ ಮಳೆ; ಅಪಾಯವನ್ನು ಕೂಡಿಸಿದವು ಬಲೆ, ಮೂಟೆ ಮತ್ತು ಚಕ್ರದ ಜಾಡು. ಕೋಡಿಗೆ ಮೂಟೆಯಿಡುವವರು ಹೊರಗಿನವರಲ್ಲ, ಇನ್ನೊಂದು ಬೆಳೆ ಭತ್ತವನ್ನಾಸೆಪಡುವ ಅಚ್ಚುಕಟ್ಟುದಾರರೇ ಎಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ.

ಆದಕಾರಣ ಮುಂಗಾರಿಗೆ ಮುಂಚೆ ಒಮ್ಮೆ, ಕೆರೆಯು ಮುಕ್ಕಾಲು ತುಂಬಿದಾಗ ಮತ್ತೊಮ್ಮೆ, ಗ್ರಾಮದ ಮುಖಂಡರು ಏರಿಯ ಮೇಲೆಯೂ ಅದರ ಹಿಂಬದಿಯ ಬುಡದಲ್ಲಿಯೂ ನಡೆದು ನೋಡತಕ್ಕದ್ದು. ಬುಡದಲ್ಲಿ ಸ್ವಲ್ಪ ತಿಳಿನೀರು ಜಿನುಗುವುದು ಅನೇಕ ಕೆರೆಗಳಲ್ಲುಂಟು; ಅದು ಹೆಚ್ಚುತ್ತಿದೆಯೇ ಎಂದು ನೋಡುತ್ತಿದ್ದರೆ ಸಾಕು. ಜಿನುಗುವ ನೀರು ಕದಡಿದ್ದರೆ ಒಳಗಿನ ಮಣ್ಣು ಕರಗಿ ಬರುತ್ತಿದೆಯೆಂದು ತಿಳಿದು ಆ ದಿನವೇ ಇಂಜಿನಿಯರಿಗೆ ವರದಿ ಮಾಡಬೇಕು. ತೂಬಿನ ಸುತ್ತು, ಏಡಿ ಮತ್ತು ಹೆಗ್ಗಣಗಳ ಬಿಲ, ಕಡಿದ ಮರದ ಬೊಡ್ಡೆ, ಇವು ಅಂತಹ ದಾರಿ ಹುಟ್ಟುವ ಸ್ಥಳಗಳು. ಏರಿಯ ಮೇಲಿನ ದೊಡ್ಡ ಮರವನ್ನು ಕಡಿದು ಬೇರನ್ನು ಹಾಗೆಯೇ ಬಿಟ್ಟರೆ, ಬೇರು ಕೊಳೆತ ಮೇಲೆ ಅದರ ಜಾಗವು ಕೊಳವೆಯಾಗುವುದು. ಹೂಳೆತ್ತುವ ನೆಪದಲ್ಲಿ ಏರಿಯ ಬುಡಕ್ಕೆ ಸೇರಿದಂತೆ ಯಂತ್ರದಿಂದ ಗುಂಡಿ ತೋಡುವುದು ಇತ್ತೀಚಿನ ಕೇಡು. ಅಲ್ಲಿನ ಜಿಗುಟಾದ ಹೂಳು ನೀರು ಒಳಹೋಗದಂತೆ ತಡೆದಿರುವುದು.

ತೂಬಿನ ಬಾಗಿಲು, ಸರಪಳಿಗಳನ್ನು ಅಲಕ್ಷಿಸಬಾರದು. ೨೦೨೪ನೆಯ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನಲ್ಲಿಯೇ ೧೯ನೆಯ ಕ್ರೆಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು.

ತನ್ನ ಕೆರೆಯೊಂದನ್ನೇ ನೋಡಿಕೊಂಡರೆ ಸಾಲದು. ಈ ಸೀಮೆಯ ಕೆರೆಗಳು ಸರಪಳಿಯಂತಿದ್ದು, ಮೇಲಿನದರ ಕೋಡಿನೀರು ಕೆಳಗಿನದಕ್ಕೆ ಬರುತ್ತದೆ. ಮೇಲಿನದು ಒಡೆದರೆ ಕೆಳಗಿನ ಏರಿಗೆ ಅದನ್ನು ತಡೆಯುವ ಶಕ್ತಿಯಿರುವುದು ಕಷ್ಟ. ೨೦೨೨ನೆಯ ಆಗಸ್ಟ್ ಕೊನೆಯಲ್ಲಿ ರಾಮನಗರ ಜಿಲ್ಲೆಯ ಕೆರೆಗಳು ತುಂಬಿ ಹರಿದು ಬೆಂಗಳೂರು–ಮೈಸೂರು ಹೆದ್ದಾರಿಯೇ ನೀರಿನಲ್ಲಿ ಮುಳುಗಿತು. ಕೋಡಿಹಳ್ಳವನ್ನು ಒತ್ತಿ ಉಳುಮೆ ಮಾಡಿದವರಿದ್ದರೆ ಆ ಒತ್ತುವರಿಯನ್ನು ಬೇಸಗೆಯಲ್ಲಿಯೇ ಅಳತೆ ಮಾಡಿಸಿ ತೆರವು ಮಾಡಿಸಬೇಕು.

ಮಳೆಯ ರಾತ್ರಿ ಮೂಟೆಗಳನ್ನು ಇಡಬೇಕಾದ್ದು ಏರಿಯ ತಗ್ಗಿನಲ್ಲಿ, ಕೋಡಿಯ ಮೇಲಲ್ಲ. ಕದಡಿದ ನೀರು ಚಿಮ್ಮುವ ಕಡೆ ಜೇಡಿಮಣ್ಣನ್ನು ಮೆತ್ತಿದರೆ ಅದು ಬೇರೆಡೆ ಒಡೆದುಕೊಳ್ಳುವುದು. ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಕಲ್ಲು, ಹೀಗೆ ಹೇರಿದರೆ ನೀರು ಹೊರಬಂದು ಮಣ್ಣು ಒಳಗೇ ನಿಲ್ಲುವುದು. ಇದಕ್ಕೆ ಬೇಕಾದ ಮರಳು ಜಲ್ಲಿಗಳ ರಾಶಿಯು ಮೊದಲೇ ಏರಿಯ ಪಕ್ಕದಲ್ಲಿರಬೇಕು. ಸಾಮಾನ್ಯವಾಗಿ ೪೦ ಹೆಕ್ಟೇರಿಗೆ ಮೇಲ್ಪಟ್ಟ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೂ, ಅದಕ್ಕಿಂತ ಚಿಕ್ಕವು ಪಂಚಾಯತಿ ಸಂಸ್ಥೆಗಳಿಗೂ ಸೇರಿರುವುವು. ಸಂಬಂಧಪಟ್ಟ ಇಂಜಿನಿಯರು, ತಹಶೀಲ್ದಾರರು, ಮೇಲಿನ ಕೆರೆಯ ಊರಿನವರು, ಕೆಳಗಿನ ಊರಿನವರು, ಇವರ ದೂರವಾಣಿ ಸಂಖ್ಯೆಗಳನ್ನು ಪಂಚಾಯತಿ ಕಚೇರಿಯ ಗೋಡೆಯ ಮೇಲೆ ಬರೆಯಿಸಿಡತಕ್ಕದ್ದು.