ಲೋಹವನ್ನು ಕೊರೆಯುವ ಗುಳ್ಳೆ

ಮಕ್ಕಳೇ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ನೀರಿಗೆ ಹೆಚ್ಚಾಗಿ ಕೊಳವೆಬಾವಿಯೇ ಗತಿ. ಮೋಟಾರು ಕೆಟ್ಟಾಗ ಪಂಪನ್ನು ಮೇಲೆತ್ತಿ ಬಿಚ್ಚುವುದನ್ನು ನೀವು ನೋಡಿರಬಹುದು. ಅದರೊಳಗೆ ತಿರುಗುತ್ತಾ ನೀರನ್ನು ತಳ್ಳುವ ಚಕ್ರಕ್ಕೆ ಇಂಪೆಲ್ಲರ್ ಎಂದು ಹೆಸರು. ಅದು ಸವೆದಿದ್ದರೆ ಎಲ್ಲರೂ ಮರಳನ್ನೇ ದೂರುತ್ತಾರೆ. ಮರಳು ಉಜ್ಜಿದರೆ ಗೆರೆ ಬೀಳುತ್ತದೆ, ಅಂಚು ನುಣ್ಣಗೆ ಸವೆಯುತ್ತದೆ. ಆದರೆ ಕೆಲವು ಪಂಪುಗಳ ಲೋಹದ ಚಕ್ರದ ಮೇಲೆ ಗೆದ್ದಲು ತಿಂದ ಮರದಂತೆ ಸಣ್ಣ ಸಣ್ಣ ಕುಳಿಗಳಿರುತ್ತವೆ. ಅದು ಗುಳ್ಳೆಗಳ ಕೆಲಸ!

ತಣ್ಣನೆಯ ನೀರಿನಲ್ಲಿ ಗುಳ್ಳೆ ಹೇಗೆ ಹುಟ್ಟುತ್ತದೆ? ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ. ಆದ್ದರಿಂದ ನೀರು 100 ಡಿಗ್ರಿಯವರೆಗೆ ಕಾಯದೆ ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಒತ್ತಡ ಇನ್ನೂ ಬಹಳ ಇಳಿದರೆ ತಣ್ಣೀರೂ ಕುದಿಯುತ್ತದೆ. ನೀವೇ ಮಾಡಿ ನೋಡಿ. ಸೂಜಿಯಿಲ್ಲದ ಹೊಸ ಸಿರಿಂಜಿನಲ್ಲಿ ಅರ್ಧದಷ್ಟು ಬೆಚ್ಚಗಿನ ನೀರು ತೆಗೆದುಕೊಂಡು, ಗಾಳಿಯನ್ನೆಲ್ಲ ಹೊರಹಾಕಿ, ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು, ಹಿಡಿಯನ್ನು ಜೋರಾಗಿ ಹಿಂದಕ್ಕೆಳೆಯಿರಿ. ಗುಳ್ಳೆಗಳು ಏಳುತ್ತವೆ! ಬಿಟ್ಟರೆ ಕುಗ್ಗಿ ಮಾಯವಾಗುತ್ತವೆ.

ಪಂಪು ನೀರನ್ನು ಎಳೆದುಕೊಳ್ಳುವ ಜಾಗದಲ್ಲಿ ಒತ್ತಡ ಹೀಗೆಯೇ ಇಳಿಯುತ್ತದೆ. ಅಲ್ಲಿ ಹುಟ್ಟಿದ ಆವಿಯ ಗುಳ್ಳೆ ಮುಂದೆ ಸಾಗಿ, ಒತ್ತಡ ಹೆಚ್ಚಿರುವ ಕಡೆ ಥಟ್ಟನೆ ಕುಸಿಯುತ್ತದೆ. ಇದಕ್ಕೆ ಕ್ಯಾವಿಟೇಷನ್ ಎನ್ನುತ್ತಾರೆ. ಹಡಗುಗಳನ್ನು ಮುಂದೆ ತಳ್ಳುವ ರೆಕ್ಕೆಗಳೂ ಹೀಗೆ ಹಾಳಾಗುತ್ತಿದ್ದವು. 1917ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರ‍್ಯಾಲೆ, ಗುಂಡಗಿನ ಗುಳ್ಳೆ ಕುಸಿದಾಗ ನೀರಿನ ಒತ್ತಡ ಎಷ್ಟು ಏರುತ್ತದೆಂದು ಲೆಕ್ಕ ಹಾಕಿ ತೋರಿಸಿದರು.

ಆದರೆ ಲೋಹದ ಪಕ್ಕದಲ್ಲಿರುವ ಗುಳ್ಳೆ ಕೊನೆಯವರೆಗೂ ಗುಂಡಗಿರುವುದಿಲ್ಲ. ನೀರಿನ ನಡುವೆ ಗುಳ್ಳೆಯಿದ್ದರೆ ಎಲ್ಲ ಕಡೆಯಿಂದಲೂ ನೀರು ಸಮನಾಗಿ ನುಗ್ಗುತ್ತದೆ. ಪಕ್ಕದಲ್ಲಿ ಲೋಹವಿದ್ದರೆ ಆ ಕಡೆಯಿಂದ ನೀರು ಸುಲಭವಾಗಿ ಬರಲಾರದು. ಎದುರು ಬದಿಯ ನೀರು ಮುಂಚೆ ನುಗ್ಗಿ, ಗುಳ್ಳೆಯನ್ನು ತೂರಿಕೊಂಡು, ಸೂಜಿಯಂತಹ ಧಾರೆಯಾಗಿ ಲೋಹಕ್ಕೇ ಬಡಿಯುತ್ತದೆ. ಅದರ ವೇಗ ಸೆಕೆಂಡಿಗೆ ಸುಮಾರು 100 ಮೀಟರ್ ಮುಟ್ಟಬಲ್ಲದು. ಜೊತೆಗೆ ಆಘಾತದ ಅಲೆಯೂ ಏಳುತ್ತದೆ. 1966ರಲ್ಲಿ ಬೆಂಜಮಿನ್ ಮತ್ತು ಎಲಿಸ್ ಎಂಬುವರು ಈ ಧಾರೆಯ ಚಿತ್ರಗಳನ್ನು ಪ್ರಕಟಿಸಿದರು. ಒಂದು ಗುಳ್ಳೆಯ ಏಟು ಏನೂ ಅಲ್ಲ. ಲಕ್ಷಾಂತರ ಗುಳ್ಳೆಗಳು ದಿನವೂ ಬಡಿದರೆ ಉಕ್ಕೂ ಉದುರುತ್ತದೆ.

ಹಳೆಯ ತೆರೆದ ಬಾವಿಗಳನ್ನು ನೋಡಿ. ಪಂಪನ್ನು ದಡದ ಮೇಲಿಡದೆ ಬಾವಿಯೊಳಗೆ, ನೀರಿನ ಹತ್ತಿರ ಕೂರಿಸುತ್ತಿದ್ದರು. ದೂರದಿಂದ ಎಳೆದಷ್ಟೂ ಒತ್ತಡ ಇಳಿದು ಗುಳ್ಳೆ ಹೆಚ್ಚುತ್ತದೆ. ಆಗ ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂತೆ ಸದ್ದು ಬರುತ್ತದೆ. ಕೊಳವೆಬಾವಿಯ ಪಂಪು ನೀರಿನಲ್ಲೇ ಮುಳುಗಿರುತ್ತದೆ. ಆದರೂ ಬೇಸಿಗೆಯಲ್ಲಿ ಅದರ ಮೇಲಿನ ನೀರು ತೀರಾ ಇಳಿದರೆ, ಅಥವಾ ನೀರು ಒಳಹೋಗುವ ಜರಡಿ ಕಟ್ಟಿಕೊಂಡರೆ, ಅಲ್ಲಿಯೂ ಗುಳ್ಳೆಗಳು ಕೆಲಸ ಶುರುಮಾಡುತ್ತವೆ.