ಪೈಥಾನ್ ಕಲಿಯಲು ಯಾವ ಪುಟವನ್ನು ನಂಬಬೇಕು? – ಒಂದು ಮರುಪಾಠದ ಅನುಭವ

ಸಂದರ್ಭ

ಬೋಧನಾಭ್ಯಾಸದ ಎರಡನೆಯ ವಾರ 9ನೇ ತರಗತಿಗೆ ಪೈಥಾನ್ ಪರಿಚಯಿಸುವ ಅವಧಿ ನನಗೆ ಬಂದಿತ್ತು. ಹಿರಿಯ ಪ್ರಶಿಕ್ಷಣಾರ್ಥಿಗಳಿಂದ ಸಿಕ್ಕ ಜೆರಾಕ್ಸ್ ಟಿಪ್ಪಣಿಯನ್ನು ನೆಚ್ಚಿಕೊಂಡು ಪಾಠಯೋಜನೆ ಬರೆದೆ. ಟಿಪ್ಪಣಿ ಅಚ್ಚುಕಟ್ಟಾಗಿತ್ತು, ವಿವರಣೆ ಕನ್ನಡದಲ್ಲೇ ಇತ್ತು. ಆದರೆ ಅದರ ಉದಾಹರಣೆಗಳನ್ನು ಒಮ್ಮೆಯೂ ಕಂಪ್ಯೂಟರ್‌ನಲ್ಲಿ ಓಡಿಸಿ ನೋಡಿರಲಿಲ್ಲ.

ಎಡವಿದ್ದು

ಮೊದಲ ಸಾಲಿಗೇ ದೋಷ ಬಂತು. ಟಿಪ್ಪಣಿಯಲ್ಲಿ ‘ಪ್ರಿಂಟ್’ ಆದೇಶಕ್ಕೆ ಆವರಣ ಚಿಹ್ನೆ ಇರಲಿಲ್ಲ. ಅದನ್ನು ಸೇರಿಸಿ ಮುಂದೆ ಹೋದೆ. ನಂತರ ಎರಡು ಕಿರುಪರೀಕ್ಷೆಗಳ ಅಂಕ 7 ಮತ್ತು 8ರ ಸರಾಸರಿ ತೆಗೆಯುವ ಲೆಕ್ಕ. ಮುಂದಿನ ಸಾಲಿನ ಹುಡುಗಿ ಎದ್ದು ನಿಂತು, “ಮಿಸ್, ನೋಟ್ಸಲ್ಲಿ 7 ಅಂತ ಇದೆ, ಕಂಪ್ಯೂಟರ್ 7.5 ತೋರಿಸ್ತಿದೆ. ಯಾವುದು ಬರ್ಕೊಳ್ಳಲಿ?” ಎಂದಳು. ಅವಧಿ ಮುಗಿಯುತ್ತಿತ್ತು. “ನೋಟ್ಸಲ್ಲಿ ಇರೋದನ್ನೇ ಬರ್ಕೋ” ಎಂದುಬಿಟ್ಟೆ. ಅವಳು 7.5 ಅಳಿಸಿ 7 ಎಂದು ಬರೆದಳು.

ಮಾರ್ಗದರ್ಶಕರು ಪಾಠ ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ‘ಮಗು ಸರಿಯುತ್ತರ ಅಳಿಸಿದ್ದನ್ನು ಗಮನಿಸಿದಿರಾ?’

ಕಾರಣ

ಆ ಟಿಪ್ಪಣಿ ಪೈಥಾನ್ 2ಕ್ಕೆ ಬರೆದದ್ದು. ಶಾಲೆಯ ಕಂಪ್ಯೂಟರ್‌ನಲ್ಲಿದ್ದದ್ದು ಪೈಥಾನ್ 3. ಪೈಥಾನ್ 3 ಬಂದದ್ದು 2008ರ ಡಿಸೆಂಬರ್‌ನಲ್ಲಿ. ಪೈಥಾನ್ 2ಕ್ಕೆ ಅಧಿಕೃತ ಬೆಂಬಲ ನಿಂತದ್ದು 2020ರ ಜನವರಿ 1ರಂದು. ಹಳೆಯ ಆವೃತ್ತಿಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಮಾಂಶ ಭಾಗ ಬಿಟ್ಟುಹೋಗುತ್ತಿತ್ತು, ಹೊಸದರಲ್ಲಿ ಉಳಿಯುತ್ತದೆ. ಪೂರ್ಣಾಂಕವೇ ಬೇಕಿದ್ದರೆ ಎರಡು ಓರೆಗೆರೆ ಹಾಕಬೇಕು. ‘ಪ್ರಿಂಟ್’ ದೋಷವನ್ನು ಕಂಪ್ಯೂಟರೇ ಎತ್ತಿ ತೋರಿಸುತ್ತದೆ. ಭಾಗಾಕಾರದ ವ್ಯತ್ಯಾಸಕ್ಕೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಆದ್ದರಿಂದ ಅದೇ ಹೆಚ್ಚು ಅಪಾಯಕಾರಿ.

ಮರುಪಾಠ

ಮರುದಿನ ಮೊದಲು ನನ್ನ ತಪ್ಪನ್ನು ಮಕ್ಕಳ ಮುಂದೆ ಒಪ್ಪಿಕೊಂಡೆ. ಆಮೇಲೆ ಗುಂಪುಗಳಿಗೆ ಮೂರು ಬಗೆಯ ಮುದ್ರಿತ ಪುಟ ಹಂಚಿದೆ: ಹಳೆಯ ಟಿಪ್ಪಣಿ, ಚಿತ್ರಗಳಿದ್ದ ಒಂದು ಪರಿಚಯ ಪಾಠ, ಪೈಥಾನ್‌ನ ಅಧಿಕೃತ ಟ್ಯುಟೋರಿಯಲ್‌ನ ಒಂದು ಪುಟ. ಕಪ್ಪುಹಲಗೆಯ ಮೇಲೆ ನಾಲ್ಕು ಪ್ರಶ್ನೆ ಬರೆದೆ:

1. ಯಾವ ಆವೃತ್ತಿಗೆ ಬರೆದದ್ದು ಎಂದು ಹೇಳಿದೆಯೇ?
2. ಉದಾಹರಣೆಯನ್ನು ಇದ್ದ ಹಾಗೆ ಟೈಪ್ ಮಾಡಿದರೆ ಓಡುತ್ತದೆಯೇ, ಅದೇ ಉತ್ತರ ಬರುತ್ತದೆಯೇ?
3. ಹೇಗೆ ಎಂಬುದರ ಜೊತೆಗೆ ಏಕೆ ಎಂಬುದನ್ನೂ ಹೇಳುತ್ತದೆಯೇ?
4. ನಾವೇ ಮಾಡಿ ನೋಡಲು ಏನಾದರೂ ಕೊಟ್ಟಿದೆಯೇ?

ಓದುವ ಮೊದಲೇ ಕೈ ಎತ್ತಿಸಿದಾಗ ಹೆಚ್ಚಿನ ಮಕ್ಕಳು ಚಿತ್ರವಿದ್ದ ಪುಟವನ್ನೇ ಮೆಚ್ಚಿದರು. ಓಡಿಸಿದ ಮೇಲೆ ಅಭಿಪ್ರಾಯ ಬದಲಾಯಿತು: ಅದರ ಉದಾಹರಣೆಗಳು ಓಡಿದವು, ಆದರೆ ಆವೃತ್ತಿಯ ಸುಳಿವಾಗಲೀ ಅಭ್ಯಾಸವಾಗಲೀ ಇರಲಿಲ್ಲ. ಅಧಿಕೃತ ಪುಟದಲ್ಲಿ 17ನ್ನು 3ರಿಂದ ಭಾಗಿಸುವ ಎರಡೂ ವಿಧಾನ ಪಕ್ಕಪಕ್ಕದಲ್ಲೇ ಇದ್ದವು. ಆದರೆ ಅದರ ಇಂಗ್ಲಿಷ್ ಮಕ್ಕಳಿಗೆ ಭಾರವಾಯಿತು. ಮೂರರಲ್ಲಿ ಒಂದೂ ಒಂದೇ ಸಾಲದು ಎಂದು ಮಕ್ಕಳೇ ಹೇಳಿದರು: ಅರ್ಥಕ್ಕೆ ಸರಳ ಪುಟ, ಅನುಮಾನ ಬಂದಾಗ ಅಧಿಕೃತ ಪುಟ, ಕೊನೆಯ ಮಾತು ಓಡಿಸಿ ನೋಡಿದ ಫಲಿತಾಂಶದ್ದು.

ಆತ್ಮಾವಲೋಕನ

ನಾಲ್ಕು ಪ್ರಶ್ನೆಗೆ 15 ನಿಮಿಷ ಇಟ್ಟಿದ್ದೆ, 25 ಹಿಡಿಯಿತು. ಹಿಂದಿನ ಬೆಂಚಿನ ಎರಡು ಗುಂಪುಗಳಿಗೆ ಕಂಪ್ಯೂಟರ್ ಸರದಿ ತಡವಾಗಿ ಸಿಕ್ಕಿತು. ಮುಂದಿನ ಬಾರಿ ಪ್ರತಿ ಗುಂಪಿಗೆ ಎರಡೇ ಪ್ರಶ್ನೆ ಕೊಡುವೆ.

ಸಹಪಾಠಿಗಳಿಗೆ ನನ್ನ ಮನವಿ ಇಷ್ಟೇ: ಪಾಠದ ಪ್ರತಿ ಉದಾಹರಣೆಯನ್ನೂ ಅಭ್ಯಾಸ ಶಾಲೆಯ ಕಂಪ್ಯೂಟರ್‌ನಲ್ಲೇ ಮೊದಲು ಓಡಿಸಿ ನೋಡಿ. ಪಾಠಯೋಜನೆಯ ನಮೂನೆಯಲ್ಲಿ ‘ಆವೃತ್ತಿ’ ಮತ್ತು ‘ಪರೀಕ್ಷಿಸಿದ ದಿನಾಂಕ’ ಎಂಬ ಎರಡು ಅಂಕಣ ಸೇರಿಸಿದರೆ ಉಪನ್ಯಾಸಕರಿಗೂ ಪರಿಶೀಲನೆ ಸುಲಭ. ಮಗುವಿನ ಪ್ರಶ್ನೆಗೆ ಆ ಕ್ಷಣ ಉತ್ತರ ತಿಳಿಯದಿದ್ದರೆ “ನಾಳೆ ನೋಡಿ ಹೇಳುತ್ತೇನೆ” ಎನ್ನುವುದು ಸಾಕಿತ್ತು. ಆ ಹುಡುಗಿ ಮರುಪಾಠದ ನಂತರ 7ರ ಪಕ್ಕದಲ್ಲಿ 7.5 ಬರೆದು, ಎರಡರ ಮುಂದೆಯೂ ಆವೃತ್ತಿಯ ಸಂಖ್ಯೆ ಹಾಕಿಕೊಂಡಿದ್ದಳು.