ಹಿಮದ ದಾರಿಗೆ ಹೊರಟ ಮಗಳು

ಪ್ರಶ್ನೆ: ಮಗಳಿಗೆ 24 ವರ್ಷ, ಬೆಂಗಳೂರಿನಲ್ಲಿ ನೌಕರಿ. ಮೇ ತಿಂಗಳಲ್ಲಿ ಗೆಳತಿಯರ ಜೊತೆ ಹಿಮಾಲಯದ ರೂಪಿನ್ ಪಾಸ್ ಚಾರಣಕ್ಕೆ ದುಡ್ಡು ಕಟ್ಟಿದ್ದಾಳೆ. ನಮ್ಮ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿದ್ದು ನೆನಪಾಗಿ ನನಗೆ ನಿದ್ದೆಯಿಲ್ಲ. ‘ಈಗ ಬ್ಯಾಸಿಗಿ, ಏನೂ ಆಗಂಗಿಲ್ಲ ಬಿಡಬೇ ಯವ್ವಾ’ ಅನ್ನುತ್ತಾಳೆ. ಆಣೆ ಹಾಕಿ ನಿಲ್ಲಿಸಲೇ?
– ಹೆಸರು ಬೇಡ, ಕುಂದಗೋಳ ತಾಲ್ಲೂಕು

ಉತ್ತರ: ಆಣೆ ಹಾಕಬೇಡಿ. ಹಾಕಿದರೆ ಮುಂದಿನ ಸಲ ನಿಮಗೆ ಹೇಳದೆಯೇ ಹೋಗುತ್ತಾಳೆ. ಆದರೆ ನಿಮ್ಮ ಭಯ ಸುಳ್ಳಲ್ಲ, ‘ಬ್ಯಾಸಿಗಿ’ ಎಂಬ ಅವಳ ಧೈರ್ಯವೇ ತಪ್ಪು.

ಹನುಮಂತಪ್ಪ ಇದ್ದದ್ದು 2016ರ ಫೆಬ್ರುವರಿಯ ಕಡುಚಳಿಯಲ್ಲಿ, ಬಿಟ್ಟು ಬರಲಾಗದ ಕಾವಲು ನೆಲೆಯಲ್ಲಿ. ನಿಮ್ಮ ಮಗಳು ಬೇಡವೆನಿಸಿದ ಕ್ಷಣ ಹಿಂದಿರುಗಬಹುದು. ಆ ಸ್ವಾತಂತ್ರ್ಯವನ್ನು ಬಳಸುವ ಮನಸ್ಸು ಅವಳಿಗಿರಬೇಕು, ಅಷ್ಟೆ.

ಚಳಿಗಾಲವಿಡೀ ಪದರ ಪದರವಾಗಿ ಕೂತ ಹಿಮ ಏಪ್ರಿಲ್, ಮೇ ಬಿಸಿಲಿಗೆ ಕರಗಿ, ನೀರು ಒಳಗಿಳಿದು, ಪದರಗಳ ಹಿಡಿತ ಸಡಿಲಾಗುತ್ತದೆ. ರಾತ್ರಿ ಹೆಪ್ಪುಗಟ್ಟಿದ್ದು ಬೆಳಗಿನ ಜಾವ ಗಟ್ಟಿಯಾಗಿರುತ್ತದೆ, ಹೊತ್ತೇರಿದಂತೆ ನಂಬಿಕೆಗೆ ಅರ್ಹವಲ್ಲ. ಮೋಡ ಕವಿದ ರಾತ್ರಿ ಸರಿಯಾಗಿ ಹೆಪ್ಪುಗಟ್ಟದಿದ್ದರೆ ಬೆಳಗಿನ ಜಾವವನ್ನೂ ನೆಚ್ಚುವಂತಿಲ್ಲ. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥುಲಾ ರಸ್ತೆಯಲ್ಲಿ ಹಿಮಕುಸಿತಕ್ಕೆ 7 ಪ್ರವಾಸಿಗರು ಬಲಿಯಾದದ್ದು ಹಾಡಹಗಲಲ್ಲಿ. ಅವರು ಪರ್ವತಾರೋಹಿಗಳೂ ಅಲ್ಲ, ವಾಹನಗಳಲ್ಲಿ ಬಂದವರು.

ರೂಪಿನ್ ಪಾಸ್ 15,000 ಅಡಿಗೂ ಎತ್ತರ. ನೆತ್ತಿಯ ಕೆಳಗೇ ಹಿಮ ತುಂಬಿದ ಕಡಿದಾದ ಕೊರಕಲಿದೆ. ಅದಕ್ಕೇ ತಂಡಗಳು ಇನ್ನೂ ಕತ್ತಲಿರುವಾಗ ಡೇರೆ ಬಿಟ್ಟು ಹೊರಡುತ್ತವೆ. ಚಾರಣದ ಸಂಸ್ಥೆಗೆ ಮಗಳಿಂದಲೇ ಫೋನ್ ಮಾಡಿಸಿ: ಎಷ್ಟು ಗಂಟೆಗೆ ಹೊರಡುತ್ತೀರಿ, ಎಷ್ಟು ಗಂಟೆಯಾದರೆ ನೆತ್ತಿ ಮುಟ್ಟದಿದ್ದರೂ ವಾಪಸ್ ಬರುತ್ತೀರಿ? ಎರಡನೆಯದಕ್ಕೆ ನೇರ ಉತ್ತರ ಬಾರದಿದ್ದರೆ ಆ ತಂಡ ಬೇಡ. ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಕೊಡುವ ಹಿಮಕುಸಿತದ ಮುನ್ನೆಚ್ಚರಿಕೆ ನೋಡುತ್ತಾರೆಯೇ ಎಂದೂ ಕೇಳಲಿ.

ಕಾಲು ಮೊಣಕಾಲವರೆಗೆ ಹೂಳತೊಡಗಿದರೆ, ಇಳಿಜಾರಿನಿಂದ ಹಿಮದ ಉಂಡೆಗಳು ತಾವಾಗಿ ಉರುಳಿದರೆ, ಕಾಲಡಿ ‘ಧೊಪ್’ ಎಂದು ಕುಸಿದರೆ, ಅಲ್ಲಿಂದ ಮುಂದೆ ಹೆಜ್ಜೆಯಿಡಬಾರದು. 30ರಿಂದ 45 ಡಿಗ್ರಿ ಇಳಿಜಾರು ಹೆಚ್ಚು ಅಪಾಯಕಾರಿ. ಅಂಥಲ್ಲಿ ಒಬ್ಬೊಬ್ಬರಾಗಿ ದಾಟಬೇಕು. ಅದರ ಕೆಳಗೆ ಕೂತು ದಣಿವಾರಿಸಿಕೊಳ್ಳುವುದು, ಫೋಟೊ ತೆಗೆಯುವುದು ಬೇಡವೇ ಬೇಡ. ಹೊಸ ಹಿಮ ಬಿದ್ದಿದ್ದರೆ ಒಂದೆರಡು ದಿನ ಕಾಯಲಿ.

ಜಾರಿ ಬಂದು ನಿಂತ ಹಿಮ ಸಿಮೆಂಟಿನಂತೆ ಬಿಗಿಯುತ್ತದೆ. ಹೂತವರನ್ನು ಮೊದಲ ಹತ್ತು, ಹದಿನೈದು ನಿಮಿಷದಲ್ಲಿ ತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಅರ್ಧ ತಾಸು ಕಳೆದರೆ ಉಳಿಯುವವರು ಕಡಿಮೆ. ಹನುಮಂತಪ್ಪ 6 ದಿನದ ಮೇಲೆ ಜೀವಂತ ಸಿಕ್ಕಿದ್ದು ಅಪರೂಪದಲ್ಲಿ ಅಪರೂಪ, ಆದರೂ ಅವರು ನಮಗೆ ಉಳಿಯಲಿಲ್ಲ. ಹೆಲಿಕಾಪ್ಟರ್ ಬರುವ ಹೊತ್ತಿಗೆ ತಡವಾಗಿರುತ್ತದೆ, ಕಾಪಾಡಬೇಕಾದವರು ಜೊತೆಗಾರರೇ. ಎಲ್ಲರ ಮೈಮೇಲೂ ಸಂಕೇತ ಕಳಿಸುವ ಬೀಕನ್, ಚೀಲದಲ್ಲಿ ಶೋಧಕಡ್ಡಿ, ಸಲಿಕೆ ಇವೆಯೇ? ಅವನ್ನು ಬಳಸುವ ಅಭ್ಯಾಸ ಮಾಡಿಸುತ್ತಾರೆಯೇ? ಇದನ್ನೂ ಕೇಳಿಸಿ.

ಎಷ್ಟೋ ಯುವಕರು ಮುಂದೆ ನುಗ್ಗುವುದು ಕಟ್ಟಿದ ದುಡ್ಡಿಗಾಗಿ, ಹಾಕಿದ ರಜೆಗಾಗಿ, ಮನೆಯವರ ಎದುರಿನ ಮರ್ಯಾದೆಗಾಗಿ. ನೆತ್ತಿ ನೂರು ಮಾರು ದೂರದಲ್ಲಿದ್ದಾಗ ತಿರುಗಿ ಬಂದರೂ ಮನೆಯಲ್ಲಿ ಯಾರೂ ದುಡ್ಡು ಹಾಳಾಯಿತು ಅನ್ನುವುದಿಲ್ಲ ಎಂದು ಅವಳಿಗೆ ನಿಮ್ಮ ಬಾಯಿಂದಲೇ ಹೇಳಿ. ಇವತ್ತೇ ಹೇಳಿ.